ಗಚ್ಚಿನ ಗೋಡೆಗೆ ಸಿಮೆಂಟ್ ಬಳಿಯೋ ಮುಂಚೆ ಯಾರನ್ನ ಕೇಳಬೇಕು?

ನರಗುಂದದ ಸುತ್ತ ಎಲ್ಲಾ ಎರೆಹೊಲ. ಆ ಬಯಲಿನ ನಡುವೆ ಎದ್ದು ನಿಂತಿರೋದು ಗುಡ್ಡ, ಗುಡ್ಡದ ಮೇಲೆ ಕೋಟೆ. ದತ್ತು ತಗೊಳ್ಳೋಕೆ ಬ್ರಿಟಿಷರ ಅನುಮತಿ ಸಿಗದೆ ಸಿಡಿದೆದ್ದ ಬಾಬಾಸಾಹೇಬ ಭಾವೆ, 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಮುಗಿಸಿದ್ದು ಇಲ್ಲಿಂದ ಹೋಗಿಯೇ. ಎರಡೇ ವಾರಕ್ಕೆ, ಜೂನ್ 12ರಂದು, ಬೆಳಗಾವಿಯಲ್ಲಿ ಅವರಿಗೆ ಗಲ್ಲಾಯಿತು. 1980ರ ಜುಲೈ 21ರ ರೈತ ಬಂಡಾಯದ ಊರೂ ಇದೇ. ನೆನಪಿನ ವಿಷಯದಲ್ಲಿ ನರಗುಂದಕ್ಕೆ ಯಾರೂ ಪಾಠ ಹೇಳಬೇಕಿಲ್ಲ.

ಆದರೆ ನೆನಪನ್ನು ಹೊತ್ತು ನಿಂತ ಕಲ್ಲು-ಗಾರೆಯ ಕತೆ ಬೇರೆ. ಪುತ್ಥಳಿ, ಸ್ವಾಗತ ಕಮಾನು, ಜಯಂತಿ ಅಂದ್ರೆ ದುಡ್ಡು ಎಲ್ಲಿಂದಾದರೂ ಬರ್ತದೆ. ಒಂದು ಹಳೇ ಗೋಡೆ ಬಿರುಕು ಬಿಟ್ಟಿದೆ, ಏನು ಮಾಡೋಣ ಅಂತ ಕೇಳಿದರೆ ಸಿಗೋ ಉತ್ತರ ಸಾಮಾನ್ಯವಾಗಿ ಒಂದೇ: "ಸಿಮೆಂಟ್ ಹಾಕ್ರಿ, ಗಟ್ಟಿ ಆಕ್ಕೈತಿ."

ಸಮಸ್ಯೆ ಶುರುವಾಗೋದೇ ಅಲ್ಲಿ.

ಗಟ್ಟಿ ಆಗೋದೇ ತಪ್ಪು

ಹಳೇ ಕಟ್ಟಡದ ಸುಣ್ಣದ ಗಚ್ಚು ಉಸಿರಾಡ್ತದೆ. ಮಳೆ ನೀರು, ನೆಲದ ತೇವ ಗೋಡೆಯೊಳಗೆ ಹೋದರೂ ಸಂದುಗಳ ಮೂಲಕ ಆವಿಯಾಗಿ ಹೊರಗೆ ಬರ್ತದೆ. ಗೋಡೆ ಚೂರು ಅಲುಗಿದರೆ ಗಚ್ಚು ತಾನು ಸವೆದು ಕಲ್ಲನ್ನು ಉಳಿಸ್ತದೆ. ಸಿಮೆಂಟ್ ಹಾಗಲ್ಲ. ಅದು ಸಂದುಗಳನ್ನು ಬಿಗಿಯಾಗಿ ಮುಚ್ಚಿಬಿಡ್ತದೆ. ತೇವಕ್ಕೆ ಉಳಿಯೋ ದಾರಿ ಕಲ್ಲು ಅಥವಾ ಇಟ್ಟಿಗೆ ಮಾತ್ರ. ನೀರು ಆರಿದ ಮೇಲೆ ಅದರಲ್ಲಿದ್ದ ಉಪ್ಪು ಅಲ್ಲೇ ಹರಳುಗಟ್ಟಿ ಮೇಲ್ಪದರವನ್ನು ಒಳಗಿನಿಂದ ಒಡೀತದೆ. ಮಲಪ್ರಭಾ ಅಚ್ಚುಕಟ್ಟಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸವಳು ಹೊಲಕ್ಕೆ ಏನು ಮಾಡ್ತದೋ, ಗೋಡೆಗೂ ಅದನ್ನೇ ಮಾಡ್ತದೆ.

ದುರಸ್ತಿ ಆದ ದಿನ ಫೋಟೊ ಚೆನ್ನಾಗಿ ಬರ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ಕಲ್ಲು ಸಿಪ್ಪೆ ಏಳೋಕೆ ಶುರುವಾಗ್ತದೆ. ಅಷ್ಟೊತ್ತಿಗೆ ಬಿಲ್ ಪಾಸಾಗಿರ್ತದೆ, ಎಂಜಿನಿಯರ್‌ಗೆ ವರ್ಗಾವಣೆ ಆಗಿರ್ತದೆ.

ನಾನೂ ಎಂಜಿನಿಯರಿಂಗ್ ಓದಿದವನೇ. ನಾಲ್ಕು ವರ್ಷದಲ್ಲಿ ಸಿಮೆಂಟಿನ ಲೆಕ್ಕ ಎಷ್ಟು ಮಾಡಿದೆವೋ ಲೆಕ್ಕವಿಲ್ಲ. ಸುಣ್ಣ ಅರ್ಧ ಗಂಟೆಯಲ್ಲಿ ಮುಗಿದ ಪಾಠ. ಹಾಗಾಗಿ ತಾಲ್ಲೂಕು ಮಟ್ಟದ ಜೂನಿಯರ್ ಎಂಜಿನಿಯರ್‌ನನ್ನು ನಾನು ಬೈಯಲಾರೆ. ಕಲಿಸದ್ದನ್ನು ಆತ ಎಲ್ಲಿಂದ ಮಾಡಬೇಕು? ಆತ ಯಾರಿಗೆ ಫೋನ್ ಮಾಡಬೇಕು ಅನ್ನೋದು ನನ್ನ ಪ್ರಶ್ನೆ.

ತಜ್ಞರು ಇದ್ದಾರೆ, ದಾರಿ ಇಲ್ಲ

ಧಾರವಾಡದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ವಲಯ ಕಚೇರಿ ಇದೆ. ನರಗುಂದದಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ವಾಪಸ್ ಬರಬಹುದು. ಮೈಸೂರಿನಲ್ಲಿ ರಾಜ್ಯ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿ ಇದೆ. 1984ರಲ್ಲಿ ಶುರುವಾದ ಇಂಟ್ಯಾಕ್ ಇದೆ. ಅಸಂರಕ್ಷಿತ ಕಟ್ಟಡಗಳಿಗಾಗಿಯೇ ಅದು 2004ರಲ್ಲಿ ಒಂದು ಸನ್ನದು ರೂಪಿಸಿತು. ಹಳೇ ಗುಡಿಗಳ ಜೀರ್ಣೋದ್ಧಾರದಲ್ಲಿ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್‌ಗೆ ದೊಡ್ಡ ಅನುಭವ ಇದೆ. ಕೇಂದ್ರ ಲೋಕೋಪಯೋಗಿ ಇಲಾಖೆ ಪಾರಂಪರಿಕ ಕಟ್ಟಡಗಳ ಸಂರಕ್ಷಣೆಗೆ ಕೈಪಿಡಿಯನ್ನೇ ತಂದಿದೆ. ಕಟ್ಟಡ ಸುಣ್ಣ ಹೇಗಿರಬೇಕು ಅಂತ ಐಎಸ್ 712 ಮಾನದಂಡ ಹೇಳ್ತದೆ.

ಅಂದ್ರೆ ಈ ದೇಶದಲ್ಲಿ ಜ್ಞಾನದ ಬರ ಇಲ್ಲ. ಆದರೆ ಅದು ಪಟ್ಟಿಯಲ್ಲಿರೋ ಸ್ಮಾರಕಗಳ ಸುತ್ತಲೇ ಸುತ್ತುತ್ತೆ. ಎಎಸ್‌ಐ ದೇಶದಾದ್ಯಂತ ನೋಡಿಕೊಳ್ಳೋದು ಸುಮಾರು 3,700 ಸ್ಮಾರಕಗಳನ್ನು, ಅದರಲ್ಲಿ ಕರ್ನಾಟಕದವು 500ಕ್ಕೂ ಹೆಚ್ಚು. 1961ರ ರಾಜ್ಯ ಕಾಯ್ದೆಯಡಿ ಇನ್ನಷ್ಟು ಕಟ್ಟಡಗಳಿಗೆ ರಕ್ಷಣೆ ಇದೆ. ಇವೆರಡರ ಹೊರಗಿರೋ ಅಗಸಿ, ವಾಡೆ, ಭಾವಿ, ದರ್ಗಾ, ಬ್ರಿಟಿಷ್ ಕಾಲದ ಶಾಲೆ, ಮೇಲ್ಮುದ್ದೆ ಮನೆ? ಇವು ಪುರಸಭೆ, ಪಂಚಾಯ್ತಿ, ಟ್ರಸ್ಟ್ ಕಮಿಟಿ ಅಥವಾ ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲಿವೆ. ಇವರಿಗೆ ಸಲಹೆ ಕೊಡೋದು ಯಾರದ್ದೂ ಡ್ಯೂಟಿ ಅಲ್ಲ.

ಇನ್ನೊಂದು ತೊಡಕು ಕೆಲಸದ ಕ್ರಮದಲ್ಲಿದೆ. ಅನುದಾನ ಬರ್ತದೆ, ಎಸ್ಟಿಮೇಟ್ ಆಗ್ತದೆ, ಟೆಂಡರ್ ಕರೀತಾರೆ, ಕಡಿಮೆ ಬಿಡ್ ಮಾಡಿದವರಿಗೆ ಕೆಲಸ. ತಜ್ಞರು ಬರೋದು, ಬಂದರೆ, ಯಾರೋ ತಕರಾರು ಮಾಡಿದ ಮೇಲೆ. ಆಸ್ಪತ್ರೆಯಲ್ಲಿ ಆಪರೇಷನ್ ಮುಗಿಸಿ ಎಕ್ಸ್‌ರೇ ತೆಗೆಯೋದನ್ನು ನಾವು ಒಪ್ಪಲ್ಲ. ಕಟ್ಟಡದ ವಿಷಯದಲ್ಲಿ ಮಾತ್ರ ದಿನಾ ಒಪ್ಪಿಕೊಳ್ತೀವಿ.

ತಜ್ಞರೇ ಜಗಳ ಆಡಿದರೆ?

ತಜ್ಞರು ಬಂದ ತಕ್ಷಣ ಎಲ್ಲ ಸರಿಹೋಗ್ತದೆ ಅಂತಲೂ ಅಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಿ ಕಟ್ಟಿ ಅಂತ ಒಂದು ಸಮಿತಿ, ಉಳಿಸಬಹುದು ಅಂತ ಇನ್ನೊಂದು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು.

ಇದರಿಂದ ಕಲಿಯಬೇಕಾದ್ದು ಎರಡು. ಪರಂಪರೆ ಅಂದ್ರೆ ಬರೀ ಭಾವುಕತೆ ಅಲ್ಲ, ಜೀವದ ಪ್ರಶ್ನೆ. ಮತ್ತೆ, ತಜ್ಞ ವರದಿಯೂ ಒಂದು ರಾಜಕೀಯ ದಾಖಲೆ. ಅದನ್ನು ಬರೆದವರು ಯಾರು, ಅವರಿಗೆ ಸುಣ್ಣ-ಕಲ್ಲಿನ ಕಟ್ಟಡದ ಅನುಭವ ಇದೆಯಾ, ಯಾವ ಪರೀಕ್ಷೆ ಮಾಡಿದರು ಅನ್ನೋದು ಜನರಿಗೆ ಗೊತ್ತಾಗಬೇಕು.

ಕೇಳಬೇಕಾದ್ದು ಏನು?

ಮೊದಲನೇದು, ಅಸಂರಕ್ಷಿತ ಹಳೇ ಕಟ್ಟಡದ ಯಾವ ಸರ್ಕಾರಿ ದುರಸ್ತಿಗೂ ಸ್ಥಿತಿಗತಿ ವರದಿ ಇಲ್ಲದೆ ಎಸ್ಟಿಮೇಟ್ ಆಗಬಾರದು. ಎರಡನೇದು, ಜಿಲ್ಲೆಗೊಂದು ಬಹಿರಂಗ ತಜ್ಞರ ಪಟ್ಟಿ ಬೇಕು. ಅದರಲ್ಲಿ ಸಂರಕ್ಷಣಾ ವಾಸ್ತುಶಿಲ್ಪಿ, ಸ್ಟ್ರಕ್ಚರಲ್ ಎಂಜಿನಿಯರ್ ಜೊತೆಗೆ ಗಾಣದಲ್ಲಿ ಗಚ್ಚು ಅರೆದು ಗೊತ್ತಿರೋ ಹಿರಿಯ ಗೌಂಡಿಗಳ ಹೆಸರೂ ಇರಬೇಕು. ಅವರೂ ತಜ್ಞರೇ, ಸರ್ಟಿಫಿಕೇಟ್ ಇಲ್ಲ ಅಷ್ಟೇ. ಅವರ ಕೈಕೆಳಗೆ ಹುಡುಗರು ಕಲಿಯದಿದ್ದರೆ ಮುಂದೆ ಸುಣ್ಣ ಸಿಕ್ಕರೂ ಕಲಸೋರು ಸಿಗಲ್ಲ.

ಇದನ್ನೆಲ್ಲ ಸರ್ಕಾರ ಮಾಡೋವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ನಿಮ್ಮೂರಿನ ಒಂದು ಕಟ್ಟಡ ಆರಿಸಿಕೊಳ್ಳಿ. ಅದು ಯಾರ ಹೆಸರಲ್ಲಿದೆ, ಸಂರಕ್ಷಿತ ಪಟ್ಟಿಯಲ್ಲಿದೆಯಾ ಅಂತ ಪತ್ತೆ ಮಾಡಿ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ, ದಿನಾಂಕ ಬರೆದು ಫೋಟೊ ತೆಗೀರಿ. ಗಾಜು ಒಡೆದರೆ ಗೋಡೆ ಇನ್ನೂ ಸರೀತಾ ಇದೆ ಅಂತ ಅರ್ಥ. ನೀರು ಎಲ್ಲಿಂದ ಬರ್ತಿದೆ ನೋಡಿ. ಎಷ್ಟೋ ಸಲ ಮಾಳಿಗೆಯ ಕಟ್ಟಿಕೊಂಡ ದೋಣಿ ಬಿಡಿಸಿದರೆ ಅರ್ಧ ರೋಗ ವಾಸಿ. ಸಂದಿಯಲ್ಲಿ ಬೆಳೆದ ಅರಳಿಯನ್ನು ಎಳೆದು ಕೀಳಬೇಡಿ, ಬೇರಿನ ಜೊತೆ ಕಲ್ಲೂ ಬರ್ತದೆ. ದುರಸ್ತಿ ಶುರುವಾಗ್ತಿದೆ ಅಂತ ಗೊತ್ತಾದರೆ ಆರ್‌ಟಿಐನಲ್ಲಿ ಎಸ್ಟಿಮೇಟ್ ಪ್ರತಿ ಕೇಳಿ. ಅದರಲ್ಲಿ ಸುಣ್ಣ ಇದೆಯಾ, ಸಿಮೆಂಟ್ ಇದೆಯಾ ನೋಡಿ. ಆ ಕಾಗದ ಹಿಡ್ಕೊಂಡು ಧಾರವಾಡದ ಬಸ್ ಹತ್ತಿ.

ಗಾರೆ ಕಲಸೋ ಮುಂಚೆ ಹೋದರೆ ಮಾತ್ರ ಆ ಸಲಹೆಗೆ ಬೆಲೆ.