ಪೆಟ್ಟಿ ಕೇಸಿನ ನ್ಯಾಯ



'ಪೆಟ್ಟಿ ಕೇಸು' ಎಂಬ ಮಾತನ್ನು ಕೇಳದವರು ನಮ್ಮಲ್ಲಿ ವಿರಳ. (ಇದಕ್ಕೂ ಪೆಟ್ಟಿಗೆಗೂ ಸಂಬಂಧವಿಲ್ಲವೆಂದು ಒಮ್ಮೆ ಎಂಟನೆಯ ತರಗತಿಯಲ್ಲಿ ವಿವರಿಸಬೇಕಾಗಿ ಬಂದಿತ್ತು. "ಪೆಟ್ಟಿಗೂ ಇಲ್ಲವೇ ಸಾರ್?" ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂತು. ಆ ದನಿಯ ಒಡೆಯ ಇಂದು ಇದನ್ನು ಓದುತ್ತಿರಲೂಬಹುದು.) ಕ್ಷುಲ್ಲಕವೆಂದೇ ಹೆಸರು ಹೊತ್ತ ಈ ಅಪರಾಧಗಳು ಪತ್ರಿಕೆಗಳ ಮುಖಪುಟಕ್ಕೆ ಬರುವುದಿಲ್ಲ. ಆದರೆ ಬಡವನೊಬ್ಬ ಕಾನೂನಿನ ಮುಖವನ್ನು ಹತ್ತಿರದಿಂದ ಕಾಣುವುದು ಸಾಮಾನ್ಯವಾಗಿ ಇಲ್ಲಿಯೇ. ಆ ಮುಖ ನನಗೆ ಸುಂದರವಾಗಿ ತೋರಿಲ್ಲ.

1860ರ ಭಾರತ ದಂಡ ಸಂಹಿತೆ ಹೋಗಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿತು. ವಸಾಹತುಶಾಹಿಯ ಛಾಯೆ ಅಳಿಯಿತೆಂದು ದೊಡ್ಡದಾಗಿ ಸಾರಲಾಯಿತು. ಸಣ್ಣ ಅಪರಾಧಗಳ ವರ್ಗೀಕರಣವನ್ನು ಮಾತ್ರ ತೆರೆದು ನೋಡಿ, ಅಳಿದದ್ದು ಎಷ್ಟು, ಉಳಿದದ್ದು ಎಷ್ಟು ಎಂಬುದು ತಿಳಿಯುತ್ತದೆ.

ಅಪರಾಧಗಳಲ್ಲಿ ಸಂಜ್ಞೇಯ, ಅಸಂಜ್ಞೇಯ ಎಂದು ಎರಡು ಬಗೆ. ಮೊದಲನೆಯದರಲ್ಲಿ ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು; ಎರಡನೆಯದರಲ್ಲಿ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆಯನ್ನೂ ಮಾಡುವಂತಿಲ್ಲ. ಸಹಜವಾಗಿಯೇ, ಘೋರವಾದದ್ದು ಮೊದಲ ಪಟ್ಟಿಯಲ್ಲಿಯೂ ಹಗುರವಾದದ್ದು ಎರಡನೆಯದರಲ್ಲಿಯೂ ಇರಬೇಕೆಂದು ನೀವು ಭಾವಿಸುವಿರಿ. ಒಬ್ಬನು ಇನ್ನೊಬ್ಬನ ಕಪಾಳಕ್ಕೆ ಬಾರಿಸಿ ನೋಯಿಸಿದರೆ ಅದು 115ನೇ ಕಲಮಿನ ಅಪರಾಧ. ಒಂದು ವರ್ಷದವರೆಗೆ ಸೆರೆವಾಸ ಅಥವಾ 10,000 ರೂಪಾಯಿಯವರೆಗೆ ಜುಲ್ಮಾನೆ, ಅಥವಾ ಎರಡೂ. ಅದು ಅಸಂಜ್ಞೇಯ. ಒಬ್ಬಳು ರಸ್ತೆಯ ಅಂಚಿನಲ್ಲಿ ಹೂವಿನ ಬುಟ್ಟಿ ಇಟ್ಟು ದಾರಿಗೆ ಅಡ್ಡಿ ಮಾಡಿದಳೆಂದರೆ ಅದು 285ನೇ ಕಲಂ. ಜುಲ್ಮಾನೆ ಮಾತ್ರ, ಒಂದು ದಿನದ ಸೆರೆವಾಸವೂ ಇಲ್ಲ. ಆದರೆ ಅದು ಸಂಜ್ಞೇಯ! ಹೊಡೆದವನನ್ನು ಮುಟ್ಟಲು ಆದೇಶ ಬೇಕು, ಹೂವಿನವಳನ್ನು ಜೀಪು ಹತ್ತಿಸಲು ಬೇಡ. ಇದಕ್ಕೆ ಯಾವ ತರ್ಕವಿದೆಯೋ ನಾನರಿಯೆ.

ಜುಲ್ಮಾನೆಯ ಕಥೆಯೂ ಕೇಳುವಂಥದು. ಹಳೆಯ ಸಂಹಿತೆಯ 283ನೇ ಕಲಮಿನಲ್ಲಿ ಇದೇ ತಪ್ಪಿಗೆ ಗರಿಷ್ಠ 200 ರೂಪಾಯಿ ಇತ್ತು. ಈಗ 5,000. ಇಪ್ಪತ್ತೈದು ಪಟ್ಟು. ಕುಡಿದು ಸಾರ್ವಜನಿಕ ಸ್ಥಳದಲ್ಲಿ ಜನರಿಗೆ ಕಿರುಕುಳ ಕೊಟ್ಟವನಿಗೆ ಗರಿಷ್ಠ 1,000 ರೂಪಾಯಿ ಅಥವಾ 24 ಗಂಟೆಗಳ ಸಾದಾ ಸೆರೆವಾಸ. ಬೀದಿ ವ್ಯಾಪಾರಿಗಳ ರಕ್ಷಣೆಗೆಂದೇ 2014ರಲ್ಲಿ ಸಂಸತ್ತು ಮಾಡಿದ ಅಧಿನಿಯಮದಲ್ಲಿ, ಪ್ರಮಾಣಪತ್ರವಿಲ್ಲದೆ ವ್ಯಾಪಾರ ಮಾಡಿದರೂ ದಂಡ 2,000ವನ್ನು ಮೀರುವಂತಿಲ್ಲ. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಂಡಿತು.

ಆ ಹಣ ಕಟ್ಟಲಾಗದಿದ್ದರೆ? ಇಲ್ಲಿದೆ ಹುಳುಕು. ಜುಲ್ಮಾನೆ ಮಾತ್ರವೇ ಶಿಕ್ಷೆಯಾಗಿರುವ ಅಪರಾಧದಲ್ಲಿ, 5,000 ರೂಪಾಯಿಯೊಳಗಿನ ಮೊತ್ತವನ್ನು ಕಟ್ಟದಿದ್ದವರಿಗೆ ಎರಡು ತಿಂಗಳವರೆಗೆ ಸಾದಾ ಸೆರೆವಾಸ ವಿಧಿಸಬಹುದು. (ಹಳೆಯ ಕಾನೂನಿನಲ್ಲಿ ನೂರು ರೂಪಾಯಿ ದಾಟಿದರೆ ಆರು ತಿಂಗಳು, ಅಷ್ಟರಮಟ್ಟಿಗೆ ಸುಧಾರಣೆಯೆಂದು ಒಪ್ಪುತ್ತೇನೆ.) ಶಾಸನಸಭೆಯೇ ಒಂದು ದಿನದ ಸೆರೆಗೂ ಯೋಗ್ಯವಲ್ಲವೆಂದು ತೀರ್ಮಾನಿಸಿದ ತಪ್ಪಿಗೆ ಎರಡು ತಿಂಗಳು ಒಳಗೆ ಹೋಗುವವರು ಯಾರು? ತಪ್ಪು ಮಾಡಿದವರೆಲ್ಲ ಅಲ್ಲ. ತಪ್ಪು ಮಾಡಿ, ಸೆರಗಿನ ಗಂಟಿನಲ್ಲಿ ಹಣವಿಲ್ಲದವರು. ಅದೇ ರಸ್ತೆಗೆ ಕಾರನ್ನು ಅಡ್ಡ ನಿಲ್ಲಿಸಿದವರು ಅದೇ ಮೊತ್ತವನ್ನು ಕಟ್ಟಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಾರೆ.

ನನ್ನಲ್ಲಿ ಕಲಿತ ಒಬ್ಬಾಕೆ ಬಸ್ ನಿಲ್ದಾಣವೊಂದರ ಬಳಿ ಹೂ ಮಾರುತ್ತಾಳೆ. ಗಣಿತದಲ್ಲಿ ಬಹಳ ಚುರುಕು. ತನ್ನ ಮೇಲೆ ಬಿದ್ದ ಕೇಸಿನ ಲೆಕ್ಕವನ್ನು ನನಗೆ ಬಾಯಿಯಲ್ಲೇ ಒಪ್ಪಿಸಿದಳು: ದಂಡ ಇಷ್ಟು, ಆ ದಿನದ ವ್ಯಾಪಾರ ಇಷ್ಟು, ಬಾಡಿದ ಹೂವು ಇಷ್ಟು, ಕೈಸಾಲದ ಬಡ್ಡಿ ಇಷ್ಟು. ನ್ಯಾಯಾಲಯ ಬರೆದುಕೊಂಡದ್ದು ಮೊದಲನೆಯ ಸಾಲನ್ನು ಮಾತ್ರ.

ಹೊಸ ಸಂಹಿತೆಯ ಹೆಮ್ಮೆಯೆಂದರೆ ಸಮುದಾಯ ಸೇವೆ ಎಂಬ ಶಿಕ್ಷೆ. ಸಮಾಜಕ್ಕೆ ಉಪಯುಕ್ತವಾದ ಕೆಲಸವನ್ನು ಸಂಬಳವಿಲ್ಲದೆ ಮಾಡುವುದು. ಉತ್ತಮ ಆಲೋಚನೆ. ಆದರೆ ಅದನ್ನು ಇಟ್ಟಿರುವುದು ಆರೇ ಅಪರಾಧಗಳಿಗೆ. ಇನ್ನೊಬ್ಬರ ಮಾನ ಕಳೆದವನಿಗೆ ಆ ದಾರಿಯುಂಟು. ಕುಡಿದು ಕಿರುಕುಳ ಕೊಟ್ಟವನಿಗೂ ಉಂಟು. ಅಕ್ರಮವಾಗಿ ವ್ಯಾಪಾರದಲ್ಲಿ ತೊಡಗಿದ ಸರ್ಕಾರಿ ನೌಕರನಿಗೂ ಉಂಟು. ಹೂವಿನವಳಿಗೆ ಇಲ್ಲ. 5,000 ರೂಪಾಯಿಗಿಂತ ಕಡಿಮೆ ಬೆಲೆಯದನ್ನು ಮೊದಲ ಬಾರಿ ಕದ್ದವನಿಗೂ ಇದೆ, ಆದರೆ ಕದ್ದದ್ದನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದರೆ ಮಾತ್ರ. ಹಸಿದು ಕದ್ದು ತಿಂದವನು ಏನನ್ನು ಹಿಂದಿರುಗಿಸಬೇಕು?

ನಮ್ಮ ರಾಜ್ಯದ ಕಾನೂನೂ ಇದೇ ಜಾಡಿನದು. ಕರ್ನಾಟಕ ಪೊಲೀಸ್ ಅಧಿನಿಯಮ, 1963ರ ಪ್ರಕಾರ ಬೀದಿಯಲ್ಲಿ ಅಂದರ್-ಬಾಹರ್ ಆಡುವುದು ಅಪರಾಧ. ಮೈದಾನದ ನಿಗದಿತ ಆವರಣದಲ್ಲಿ ಕುದುರೆಯ ಮೇಲೆ ಪಣ ಕಟ್ಟುವುದು 'ಜೂಜು' ಎಂಬ ವ್ಯಾಖ್ಯೆಯೊಳಗೇ ಬರುವುದಿಲ್ಲ. ಜೂಜನ್ನು ನಾನು ಸಮರ್ಥಿಸುತ್ತಿಲ್ಲ. ಇಸ್ಪೀಟು ಎಲೆಗೂ ಕುದುರೆಗೂ ಇರುವ ಜಾತಿಭೇದವನ್ನು ತೋರಿಸುತ್ತಿದ್ದೇನೆ, ಅಷ್ಟೆ.

"ಹಾಗಾದರೆ ಪಾದಚಾರಿ ಮಾರ್ಗಗಳು ಯಾರಿಗಾಗಿ, ಮೇಷ್ಟ್ರೆ?" ಎಂದು ನಿಮ್ಮಲ್ಲಿ ಕೆಲವರು ಕೇಳುವಿರಿ. ಊರುಗೋಲು ಹಿಡಿದು ಆ ಮಾರ್ಗದಲ್ಲಿ ದಿನವೂ ನಡೆಯುವವನು ನಾನು. ಅಡ್ಡಿಯ ಕಷ್ಟ ನನಗೆ ನಿಮಗಿಂತ ಚೆನ್ನಾಗಿ ಗೊತ್ತು. ಶಿಕ್ಷೆಯೇ ಬೇಡವೆಂದು ನನ್ನ ವಾದವಲ್ಲ. ಒಂದೇ ಶಿಕ್ಷೆ ಒಬ್ಬರಿಗೆ ಸೊಳ್ಳೆಯ ಕಡಿತ, ಇನ್ನೊಬ್ಬರಿಗೆ ಹಾವಿನ ಕಡಿತ ಆಗಬಾರದೆಂಬುದು ನನ್ನ ವಾದ. ಫಿನ್ಲೆಂಡ್ ದೇಶ 1921ರಲ್ಲಿಯೇ ಅಪರಾಧಿಯ ದಿನದ ಆದಾಯಕ್ಕೆ ತಕ್ಕಂತೆ ದಂಡವನ್ನು ಅಳೆಯುವ ಪದ್ಧತಿ ತಂದಿತು. ಒಂದು ಶತಮಾನ ಕಳೆದ ಮೇಲೆ ಹೊಸದಾಗಿ ಕಾನೂನು ಬರೆಯಲು ಕುಳಿತ ನಮ್ಮವರಿಗೆ ಇದು ತಿಳಿಯದ ಸಂಗತಿಯೇನಲ್ಲ. 285ನೇ ಕಲಮನ್ನು ಸಮುದಾಯ ಸೇವೆಯ ಪಟ್ಟಿಗೆ ಸೇರಿಸಲು ಒಂದು ಸಾಲಿನ ತಿದ್ದುಪಡಿ ಸಾಕು.

ಅದು ಬರುವವರೆಗೆ, ವಕೀಲಿ ವೃತ್ತಿಯಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ಜುಲ್ಮಾನೆಯನ್ನಷ್ಟೇ ವಿಧಿಸಿದಾಗ ಅದನ್ನು ಕಟ್ಟಲು 30 ದಿನಗಳವರೆಗೆ ಕಾಲಾವಕಾಶ ಕೊಡುವ, ಇಲ್ಲವೇ ಎರಡು-ಮೂರು ಕಂತುಗಳಲ್ಲಿ ಕಟ್ಟಿಸಿಕೊಳ್ಳುವ ಅಧಿಕಾರ ನ್ಯಾಯಾಲಯಕ್ಕೆ ಹಿಂದೆಯೂ ಇತ್ತು, ಈಗಲೂ ಇದೆ. ಹೂವಿನವಳಿಗೆ ಅದನ್ನು ಯಾರೂ ಹೇಳಿರಲಿಲ್ಲ. ನಿಮ್ಮ ನ್ಯಾಯಾಲಯದ ಪಡಸಾಲೆಯಲ್ಲಿ ಅಂಥವರು ಕಂಡರೆ ಅವರ ಪರವಾಗಿ ಎದ್ದು ನಿಂತು ಕೇಳಿ. ಅದಕ್ಕೆ ಶುಲ್ಕ ತೆಗೆದುಕೊಳ್ಳಬೇಡಿ.