ಬೆನ್ನು ಒಪ್ಪಿಸುವ ಮೊದಲು ಓದು ಕೇಳಿ

ಸೊಂಟನೋವು, ಕುತ್ತಿಗೆನೋವು ಇಲ್ಲದ ಮನೆ ಈಗ ಅಪರೂಪ. ಮೊಬೈಲ್ ತೆರೆದರೆ ಯಾರೋ ಯಾರದ್ದೋ ಕುತ್ತಿಗೆಯನ್ನು 'ಟಕ್' ಎಂದು ತಿರುಗಿಸಿ ನೋವು ಮಾಯ ಮಾಡುತ್ತಿರುತ್ತಾರೆ. ಹೆಸರಿನ ಮುಂದೆ 'ಆಸ್ಟಿಯೋಪಥ್' ಎಂದಿರುತ್ತದೆ. ಅಂಥವರ ಬಳಿ ಹೋಗುವ ಮೊದಲು, ಪಿಯುಸಿ ಮುಗಿಸಿದ ಮಗ ಅಥವಾ ಮಗಳನ್ನು ಆ ಕೋರ್ಸಿಗೆ ಸೇರಿಸುವ ಮೊದಲು, ಆ ಹೆಸರಿನ ಹಿಂದೆ ಎಷ್ಟು ಓದು ಇರಬೇಕೆಂದು ತಿಳಿದುಕೊಳ್ಳಿ.

ಈ ಪದ್ಧತಿಯನ್ನು ಆರಂಭಿಸಿದವರು ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್. 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿ ಅವರು ಮೊದಲ ಶಾಲೆ ತೆರೆದರು. ಇಂದು ಅಮೆರಿಕದಲ್ಲಿ 'ಡಿ.ಒ.' ಪದವೀಧರರು ಪೂರ್ಣ ಪ್ರಮಾಣದ ವೈದ್ಯರು. ಪದವಿಯ ನಂತರ 4 ವರ್ಷ ವೈದ್ಯಕೀಯ ಶಿಕ್ಷಣ, ಬಳಿಕ ಕನಿಷ್ಠ 3 ವರ್ಷ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಸಾಮಾನ್ಯ. ಅವರು ಔಷಧಿ ಬರೆಯುತ್ತಾರೆ, ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಾರೆ. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ ಆಸ್ಟಿಯೋಪಥ್ ಕೈಚಿಕಿತ್ಸೆ ನೀಡುವವರು ಮಾತ್ರ. ಆದರೂ 4-5 ವರ್ಷ ಓದಿ, ಸುಮಾರು 1000 ಗಂಟೆ ರೋಗಿಗಳ ನಡುವೆ ತರಬೇತಿ ಪಡೆಯಬೇಕು. 1993ರ ಕಾಯ್ದೆಯಂತೆ ನೋಂದಣಿಯಿಲ್ಲದೆ ಆ ಹೆಸರು ಬಳಸುವುದೇ ಅಪರಾಧ.

ನಮ್ಮಲ್ಲಿ ಆಸ್ಟಿಯೋಪಥಿಗೆಂದೇ ಶಾಸನಬದ್ಧ ಮಂಡಳಿಯಿಲ್ಲ. ಹಾಗಾಗಿ ಐದು ವರ್ಷ ಓದಿದವರೂ ಐದು ದಿನದ ಶಿಬಿರ ಮುಗಿಸಿದವರೂ ಒಂದೇ ಫಲಕ ಹಾಕಬಹುದು. ನನ್ನ ಆಕ್ಷೇಪ ಕೈಚಿಕಿತ್ಸೆಗಲ್ಲ. ಯುನಾನಿಯಲ್ಲೂ ದಲ್ಕ್ (ಮಾಲೀಸು), ಹಿಜಾಮಾ, ಹಮ್ಮಾಮ್ ಇವೆ. ಇವೆಲ್ಲ 'ಇಲಾಜ್ ಬಿತ್ತದ್‌ಬೀರ್' ವಿಭಾಗಕ್ಕೆ ಸೇರಿದವು. ಆದರೆ ಅದಕ್ಕೆ ನೀಟ್ ಬರೆದು, ನಾಲ್ಕೂವರೆ ವರ್ಷ ಬಿ.ಯು.ಎಂ.ಎಸ್. ಓದಿ, ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಬೇಕು. ಬೆಂಗಳೂರಿನ ರಾಷ್ಟ್ರೀಯ ಯುನಾನಿ ಸಂಸ್ಥೆಯಲ್ಲಿ ಇದೇ ವಿಷಯದಲ್ಲಿ ಎಂ.ಡಿ. ಕೂಡ ಇದೆ. ವಾರಾಂತ್ಯದ ತರಬೇತಿ ಪಡೆದು ಹಿಜಾಮಾ ಮಾಡುವವರಿಗೂ ನನ್ನ ಪ್ರಶ್ನೆ ಇದೇ: ನಿಮ್ಮ ಓದು ಯಾವುದು?

ಇದು ಬರೀ ಪದವಿಯ ಜಂಬವಲ್ಲ. ಕುತ್ತಿಗೆಯನ್ನು ರಭಸದಿಂದ ತಿರುಗಿಸಿದಾಗ, ಅಪರೂಪಕ್ಕಾದರೂ, ಮೆದುಳಿಗೆ ಹೋಗುವ ರಕ್ತನಾಳ ಹರಿದು ಪಾರ್ಶ್ವವಾಯು ಆಗಬಹುದು. ಮೂಳೆ ಸವೆದ ಅಜ್ಜಿಯ ಬೆನ್ನು ಒತ್ತಿದರೆ ಮೂಳೆ ಮುರಿಯಬಹುದು. ಬೆನ್ನುನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಕಾಲಿನಲ್ಲಿ ಬಲ ಕುಂದುವುದು, ತೊಡೆಸಂದಿಯಲ್ಲಿ ಜೋಮು, ಮೂತ್ರ ಹಿಡಿತ ತಪ್ಪುವುದು ಇವುಗಳಲ್ಲಿ ಒಂದಿದ್ದರೂ ಕೈಚಿಕಿತ್ಸೆ ಬೇಡ, ನೇರ ಆಸ್ಪತ್ರೆಗೆ ಹೋಗಿ. ಎಲ್ಲಿ ಕೈ ಹಾಕಬಾರದು ಎಂಬುದನ್ನು ಕಲಿಯಲೇ ವರ್ಷಗಳು ಬೇಕು.

ವೈದ್ಯಜ್ಞಾನವಿಲ್ಲದೆ ಚಿಕಿತ್ಸೆಗೆ ಇಳಿದವನೇ ಅದರ ಹಾನಿಗೆ ಹೊಣೆ ಎಂಬುದು ಪ್ರವಾದಿ ಮುಹಮ್ಮದ್(ಸ)ರ ಬೋಧನೆ. ಹೊಣೆ ಅವನದಾದರೂ ನೋವು ನಮ್ಮದೇ ಅಲ್ಲವೇ?

ಆದ್ದರಿಂದ ಸಂಕೋಚ ಬಿಟ್ಟು ಕೇಳಿ: ಎಲ್ಲಿ ಓದಿದಿರಿ, ಎಷ್ಟು ವರ್ಷ, ನೋಂದಣಿ ಸಂಖ್ಯೆ ಏನು? ನಿಜವಾಗಿ ಓದಿದವರು ಇದಕ್ಕೆ ಮುನಿಸಿಕೊಳ್ಳುವುದಿಲ್ಲ. ಮಕ್ಕಳಿಗೆ ಕೈಚಿಕಿತ್ಸೆಯಲ್ಲಿ ಆಸಕ್ತಿಯಿದ್ದರೆ ಫಿಸಿಯೋಥೆರಪಿ ಅಥವಾ ಬಿ.ಯು.ಎಂ.ಎಸ್.ನಂಥ ಮಾನ್ಯತೆಯುಳ್ಳ ಪದವಿಗೆ ಸೇರಿಸಿ. ದಾರಿ ಉದ್ದವಾದರೂ, ಮುಂದೊಂದು ದಿನ ರೋಗಿಯೊಬ್ಬರು ಅದೇ ಪ್ರಶ್ನೆ ಕೇಳಿದಾಗ ಅವರು ತಲೆ ಎತ್ತಿ ಉತ್ತರಿಸುತ್ತಾರೆ.