ನಂಬರ್ ನೋಡಿ ಮದುವೆ ಮಾಡಬೇಡಿ

ಹೋದ ಬೇಸಿಗೆಯಲ್ಲಿ ಮುಳಬಾಗಿಲು ತಾಲ್ಲೂಕಿನ ನಮ್ಮೂರಲ್ಲಿ ಕುರುಕ್ಷೇತ್ರ ನಾಟಕ. ರಾತ್ರಿ ಒಂದೂವರೆ ಆಗಿತ್ತು. ದುರ್ಯೋಧನ ಗದೆಯನ್ನು ಹೆಗಲಿಗೇರಿಸಿ ಕಂದಕ್ಕೆ ಬಾಯಿ ತೆರೆದ. ದನಿ ಬರಲಿಲ್ಲ. ಅವನ ಬಾಯಿ ಆಡುತ್ತಿತ್ತು, ಹಾರ್ಮೋನಿಯಂ ಮೇಷ್ಟ್ರ ಕೈ ಆಡುತ್ತಿತ್ತು, ಬೇವಿನ ಮರಕ್ಕೆ ಕಟ್ಟಿದ್ದ ಹಾರ್ನ್‌ಗಳು ಮಾತ್ರ ಸುಮ್ಮನಿದ್ದವು. ವೇದಿಕೆಯ ಪಕ್ಕ ದೊಡ್ಡಪ್ಪನ ಮೈಕ್ ಸೆಟ್ಟಿನಿಂದ ಸುಟ್ಟ ವಾಸನೆ. ಅರ್ಧ ಗಂಟೆ ಕಾದ ಜನ ಚಾಪೆ ಸುತ್ತಿಕೊಂಡು ಎದ್ದರು.

ಆ ಆಂಪ್ಲಿಫೈಯರನ್ನು ದೊಡ್ಡಪ್ಪ ಎಂಬತ್ತರ ದಶಕದಲ್ಲಿ ಸಾಲ ಮಾಡಿ ಕೊಂಡಿದ್ದು. ಮದುವೆ, ಜಾತ್ರೆ, ಗಣೇಶ, ಚುನಾವಣೆ, ಸಾವು, ಎಲ್ಲದಕ್ಕೂ ಹೋಗಿ ಬಂದಿದೆ. ಅದರ ಹಿಂಬದಿಯಲ್ಲಿ ನಾಲ್ಕು ಲೋಹದ ಟ್ರಾನ್ಸಿಸ್ಟರ್‌ಗಳು, ಅವುಗಳ ಮೇಲೆ 2ಎನ್3055 ಎಂಬ ನಂಬರ್. ಹಿಂದಿನ ವಾರವಷ್ಟೇ ಒಂದು ಕೆಟ್ಟಿತ್ತು. ಪಿಎಚ್‌.ಡಿ. ಕೆಲಸಕ್ಕೆಂದು ಬೆಂಗಳೂರಿಗೆ ಓಡಾಡುವ ನಾನೇ ಅಲ್ಲಿನ ಒಂದು ಅಂಗಡಿಯಿಂದ ನಾಲ್ಕು ಹೊಸವನ್ನು ತಂದಿದ್ದೆ. ನಂಬರ್ ಸರಿಯಾಗಿತ್ತು, ಅಚ್ಚು ಹೊಳೆಯುತ್ತಿತ್ತು. ಕೋಲಾರದಲ್ಲಿ ಒಬ್ಬರ ಹತ್ತಿರ ಹಾಕಿಸಿದೆವು. ಮನೆಯಲ್ಲಿ ಹಾಡಿತು. ನಾಟಕದ ರಾತ್ರಿ ನಾಲ್ಕೂ ಒಟ್ಟಿಗೆ ಸತ್ತವು. ಆ ರಾತ್ರಿಯ ಬಾಡಿಗೆ ಬರಲಿಲ್ಲ. ಮುಂದಿನ ಎರಡು ಊರಿನವರು ಬೇರೆ ಮೈಕ್ ಸೆಟ್ಟಿಗೆ ಹೇಳಿಬಿಟ್ಟರು.

ಶ್ರೀನಿವಾಸಪುರದಲ್ಲಿ ಒಬ್ಬ ಹಳೆಯ ಮೆಕ್ಯಾನಿಕ್ ಇದ್ದಾರೆ ಎಂದು ಯಾರೋ ಹೇಳಿದರು. ಮಾವಿನ ಹಣ್ಣಿನ ಲಾರಿಗಳ ನಡುವೆ ದಾರಿ ಮಾಡಿಕೊಂಡು ಆಂಪ್ಲಿಫೈಯರ್ ಹೊತ್ತು ಹೋದೆ. ಅವರು ಸತ್ತ ಟ್ರಾನ್ಸಿಸ್ಟರ್ ಒಂದನ್ನು ವೈಸಿಗೆ ಕಚ್ಚಿಸಿ ಗರಗಸದಿಂದ ಅದರ ಟೋಪಿ ಕೊಯ್ದರು. ಒಳಗೆ ರಾಗಿಕಾಳಿನಷ್ಟು ಚಿಪ್. ಆಮೇಲೆ ಡಬ್ಬದಿಂದ ನಲವತ್ತು ವರ್ಷ ಹಳೆಯದೊಂದನ್ನು ತೆಗೆದು ಅದನ್ನೂ ಕೊಯ್ದು ತೋರಿಸಿದರು. ಅದರ ಚಿಪ್ ಹುರುಳಿಕಾಳಿನ ಅಗಲವಿತ್ತು.

“ಅಲ್ಲಮ್ಮ, ನಂಬರ್ ನೋಡಿ ತಂದ್ಬಿಟ್ಟಿದ್ದೀಯ. ಜಾತಕ ನೋಡಿ ಮದುವೆ ಮಾಡ್ದಂಗಾಯ್ತು ಇದು. ಗಂಡು ಹೆಂಗವ್ನೆ ಅಂತ ನೋಡೋದು ಬ್ಯಾಡ್ವಾ?”

ಆ ಮಾತು ನನ್ನನ್ನು ಬಿಡಲಿಲ್ಲ. ಏಕೆಂದರೆ ನಕಲಿ ಮಾರುವವನನ್ನು ಬೈಯುವುದು ಸುಲಭ, ಬೈಯಲೇಬೇಕು ಕೂಡ. ಆದರೆ ಅವನು ಬದುಕಿರುವುದು ನಮ್ಮ ನಂಬರ್ ಪೂಜೆಯ ಮೇಲೆ. ಲೋಹದ ಟೋಪಿಯ ಮೇಲೆ ಅಂಕಿ ಅಚ್ಚು ಹಾಕುವುದಕ್ಕೆ ಖರ್ಚು ಕಡಿಮೆ, ಒಳಗೆ ದೊಡ್ಡ ಚಿಪ್ ಇಡುವುದಕ್ಕೆ ಖರ್ಚು ಹೆಚ್ಚು. ಗಿರಾಕಿ ಓದುವುದು ಅಂಕಿಯನ್ನು ಮಾತ್ರ ಎಂದು ಗೊತ್ತಾದ ಮೇಲೆ ಯಾವ ಕಳ್ಳ ತಾನೇ ಒಳಗೆ ಹಣ ಹಾಕುತ್ತಾನೆ?

ಈ 2ಎನ್3055 ಅಮೆರಿಕದ ಆರ್‌ಸಿಎ ಕಂಪನಿಯಿಂದ 1960ರ ದಶಕದಲ್ಲಿ ಬಂದದ್ದು. ಆಮೇಲೆ ಲೋಕದ ಎಷ್ಟೋ ಕಂಪನಿಗಳು ಅದೇ ನಂಬರಿನಲ್ಲಿ ಮಾಡಿದವು. ಕಾಗದದ ಮೇಲೆ ಅದರ ಶಕ್ತಿ 60 ವೋಲ್ಟ್, 15 ಆಂಪಿಯರ್, 115 ವ್ಯಾಟ್. ಈ 115 ನೋಡಿ ನಾವು ನಂಬಿಬಿಡುತ್ತೇವೆ. ಆದರೆ ಅದು ಟ್ರಾನ್ಸಿಸ್ಟರಿನ ಮೈ 25 ಡಿಗ್ರಿಯಲ್ಲಿದ್ದಾಗಿನ ಮಾತು. ಮೈ 100 ಡಿಗ್ರಿಗೆ ಏರಿದರೆ ಹೊರುವ ಶಕ್ತಿ ಸುಮಾರು 66 ವ್ಯಾಟಿಗೆ ಇಳಿಯುತ್ತದೆ. ನಮ್ಮ ಬೇಸಿಗೆಯ ಸೆಕೆಯಲ್ಲಿ, ಬೆಳಗಿನ ಜಾವದವರೆಗೆ ಹಾರ್ನ್ ಕೂಗಿಸುವ ಪೆಟ್ಟಿಗೆಯೊಳಗೆ ಅದು 25 ಡಿಗ್ರಿಯಲ್ಲಿರುವ ಮಾತೇ ಇಲ್ಲ. ಅಸಲಿಗೇ ಇಷ್ಟು ಕಷ್ಟ ಇರುವಾಗ ರಾಗಿಕಾಳಿನ ಚಿಪ್ ಎಷ್ಟು ಹೊತ್ತು ತಡೆದೀತು?

ನಕಲಿ ಅಲ್ಲದಿದ್ದರೂ ಕತೆ ಮುಗಿಯುವುದಿಲ್ಲ. ಹಳೆಯ ವಿಧಾನದ 2ಎನ್3055 ನಿಧಾನದ ಪ್ರಾಣಿ. ಅದೇ ನಂಬರಿನಲ್ಲಿ ಆಮೇಲೆ ಬೇರೆ ವಿಧಾನದಲ್ಲಿ ಮಾಡಿದ್ದು ಚುರುಕು. ಚುರುಕಾದರೆ ಒಳ್ಳೆಯದೇ ಅಲ್ಲವೇ ಎನ್ನಿಸುತ್ತದೆ. ಆದರೆ ನಿಧಾನದವನಿಗೆಂದು ಕಟ್ಟಿದ ಕೆಲವು ಸರ್ಕ್ಯೂಟುಗಳಲ್ಲಿ ಈ ಚುರುಕಿನವನು ನಮ್ಮ ಕಿವಿಗೆ ಕೇಳದ ಕಂಪನದಲ್ಲಿ ತಾನೇ ನಡುಗತೊಡಗುತ್ತಾನೆ. ಹಾಡಿಲ್ಲದಿದ್ದರೂ ಬಿಸಿಯಾಗುತ್ತಾನೆ. ಅಸಲಿ ಮಾಲು, ಸರಿಯಾದ ನಂಬರ್, ಆದರೂ ತಪ್ಪು.

ಇನ್ನೊಂದು ನಿದರ್ಶನ ಮಾಲೂರಿನದು. ಹಳೆಯ ನಾಟಕದ ಹಾಡುಗಳ ರೆಕಾರ್ಡ್ ಹುಡುಕಿಕೊಂಡು ಅಲ್ಲಿನ ನಿವೃತ್ತ ಮೇಷ್ಟ್ರೊಬ್ಬರ ಮನೆಗೆ ಹೋಗಿದ್ದೆ. ಅವರ ರೆಕಾರ್ಡ್ ಪ್ಲೇಯರಿನಲ್ಲಿ ಎಸಿ187, ಎಸಿ188 ಎಂಬ ಜರ್ಮೇನಿಯಂ ಜೋಡಿ ಇತ್ತಂತೆ. ಆ ಕಾಲದಲ್ಲಿ ಜರ್ಮೇನಿಯಂ ಸಾಮಾನು ನಮಗೆ ದೂರದ್ದೇನಲ್ಲ. ಜಾಲಹಳ್ಳಿಯ ಬಿಇಎಲ್ 1954ರಲ್ಲಿ ಶುರುವಾಗಿ 1962ರಿಂದ ಜರ್ಮೇನಿಯಂ ಸಾಧನಗಳನ್ನು ಮಾಡುತ್ತಿತ್ತು. ಈಗ ಅವು ಸಿಗುವುದು ಹಳೇ ದಾಸ್ತಾನಿನಲ್ಲಿ ಮಾತ್ರ. ಹಾಗಾಗಿ ಯಾರೋ ಸಿಲಿಕಾನ್ ಜೋಡಿ ಹಾಕಿಕೊಟ್ಟಿದ್ದರು. ಜೋರಾಗಿ ಇಟ್ಟರೆ ಪರವಾಗಿಲ್ಲ, ಮೆಲ್ಲಗೆ ಇಟ್ಟರೆ ದನಿ ಗೊಗ್ಗರು. “ರೆಕಾರ್ಡೇ ಸವೆದಿದೆ ಅನ್ಸುತ್ತಮ್ಮ” ಎಂದು ಮೇಷ್ಟ್ರು ಬೇಸರಪಟ್ಟರು.

ರೆಕಾರ್ಡ್ ಸವೆದಿರಲಿಲ್ಲ. ಅಂಥ ಸರ್ಕ್ಯೂಟಿನಲ್ಲಿ ದನಿಯ ಅಲೆಯ ಮೇಲಿನ ಅರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗಿನ ಅರ್ಧವನ್ನು ಇನ್ನೊಂದು ಹೊರುತ್ತದೆ. ಪಲ್ಲಕ್ಕಿ ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ದಾಟಿದಂತೆ. ಜರ್ಮೇನಿಯಂ ಎಚ್ಚರಗೊಳ್ಳಲು 0.2ರಿಂದ 0.3 ವೋಲ್ಟ್ ಸಾಕು, ಸಿಲಿಕಾನಿಗೆ 0.6ರಿಂದ 0.7 ಬೇಕು. ಹಿಂದಿನ ಬಯಾಸನ್ನೇ ಬಿಟ್ಟು ಸಿಲಿಕಾನ್ ಕೂರಿಸಿದರೆ ಒಬ್ಬ ಹೆಗಲು ತೆಗೆದ ಮೇಲೂ ಇನ್ನೊಬ್ಬ ಎದ್ದಿರುವುದಿಲ್ಲ. ಪಲ್ಲಕ್ಕಿ ಪ್ರತಿ ಸಲವೂ ಕುಸಿಯುತ್ತದೆ. ಮೆಲುದನಿಯಲ್ಲಿ ಆ ಕುಸಿತವೇ ಎದ್ದು ಕೇಳುತ್ತದೆ. ಒಂದೆರಡು ರೆಸಿಸ್ಟರ್ ಬದಲಿಸಿ ಬಯಾಸ್ ಸರಿಮಾಡಿದ್ದರೆ ಮೇಷ್ಟ್ರು ತಮ್ಮ ರೆಕಾರ್ಡನ್ನು ದೂರಬೇಕಾಗಿರಲಿಲ್ಲ.

ಹಾಗಾಗಿ ನನ್ನ ವಾದ ಇಷ್ಟು. ಹಳೆಯ ಆಂಪ್ಲಿಫೈಯರ್ ರಿಪೇರಿಗೆ ಬದಲಿ ಟ್ರಾನ್ಸಿಸ್ಟರ್ ಎಲ್ಲಿ ಸಿಗುತ್ತದೆ ಎಂದು ನಾವೆಲ್ಲ ಕೇಳುತ್ತಿದ್ದೇವೆ. ಕೇಳಬೇಕಾದದ್ದು, ಅದು ಅಲ್ಲಿ ಕೂತು ಏನು ಕೆಲಸ ಮಾಡುತ್ತಿತ್ತು ಎಂದು. ಎಷ್ಟು ವೋಲ್ಟ್, ಎಷ್ಟು ಕರೆಂಟ್, ಎಷ್ಟು ಬಿಸಿ, ಎಷ್ಟು ಚುರುಕು ಎಂದು ತಿಳಿದವರಿಗೆ ಬದಲಿ ಬೇರೆ ನಂಬರಿನಲ್ಲೂ ಸಿಗುತ್ತದೆ. ತಿಳಿಯದವರಿಗೆ ಅದೇ ನಂಬರಿನಲ್ಲೂ ಸಿಗುವುದಿಲ್ಲ. ಇದಕ್ಕೆ ಮೂರು ಬೇಕು: ಪ್ರಾಮಾಣಿಕ ಮಾಲು, ಸರ್ಕ್ಯೂಟ್ ಚಿತ್ರ, ಎರಡನ್ನೂ ಓದಬಲ್ಲ ಮನುಷ್ಯ. ಮಾಲು ಇವತ್ತಿಗೂ ಇದೆ. ಹೆಸರಿರುವ ಕಂಪನಿಯದನ್ನು ಅಧಿಕೃತ ವಿತರಕರಿಂದ ಬಿಲ್ ಸಮೇತ ತರಿಸಬಹುದು, ನಾಲ್ಕು ಕಾಸು ಹೆಚ್ಚಾಗುತ್ತದೆ ಅಷ್ಟೆ. ಚಿತ್ರವನ್ನೂ ಮನುಷ್ಯನನ್ನೂ ನಾವು ಕಳೆದುಕೊಳ್ಳುತ್ತಿದ್ದೇವೆ.

ಸರ್ಕಾರ ಏನೂ ಮಾಡಿಲ್ಲವೆಂದು ಹೇಳಲಾರೆ. ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹಬಳಕೆಯ ವಸ್ತು, ವಾಹನ ಎಂದು ನಾಲ್ಕು ವಲಯ ಗುರುತಿಸಿತು. ಅದೇ ಡಿಸೆಂಬರಿನಲ್ಲಿ ಪೋರ್ಟಲ್ ಬಂತು. ಒಳ್ಳೆಯದೇ. ಆದರೆ ಈ ಹಕ್ಕು ಮಾತಾಡುವುದು ಇವತ್ತು ಅಂಗಡಿಯಲ್ಲಿರುವ ಮಾಲಿನ ಬಗ್ಗೆ, ಇವತ್ತು ಬಾಗಿಲು ತೆರೆದಿರುವ ಕಂಪನಿಯ ಜೊತೆ. ದೊಡ್ಡಪ್ಪನ ಪೆಟ್ಟಿಗೆ ಮಾಡಿದವರನ್ನು ಯಾರು ಕೇಳುತ್ತಾರೆ? ಮಾರುವುದನ್ನು ನಿಲ್ಲಿಸಿದ ಮಾದರಿಯ ಸರ್ಕ್ಯೂಟ್ ಚಿತ್ರವನ್ನು ಬಿಟ್ಟುಕೊಟ್ಟರೆ ಯಾವ ಕಂಪನಿಗೂ ನಷ್ಟವಿಲ್ಲ. ಅದನ್ನು ಕಡ್ಡಾಯ ಮಾಡಲು ಏನು ಅಡ್ಡಿ?

ನಮ್ಮ ಜಿಲ್ಲೆಯನ್ನೇ ನೋಡಿ. ಕೋಲಾರದಿಂದ ಬೆಂಗಳೂರಿನ ಹೆದ್ದಾರಿ ಹಿಡಿದರೆ ನರಸಾಪುರ. ಅಲ್ಲಿ ಐಫೋನ್ ಜೋಡಿಸುತ್ತಾರೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿಂದ ನನ್ನ ವಯಸ್ಸಿನವರು ಕಂಪನಿ ಬಸ್ಸು ಹತ್ತುತ್ತಾರೆ. ಆ ಕೆಲಸವನ್ನು ನಾನು ಹೀಗಳೆಯುವುದಿಲ್ಲ, ಎಷ್ಟೋ ಮನೆಗಳಲ್ಲಿ ಅದರಿಂದ ಒಲೆ ಉರಿಯುತ್ತಿದೆ. ಆದರೆ ಜೋಡಿಸುವ ಸಾವಿರಾರು ಕೈಗಳಿರುವ ಜಿಲ್ಲೆಯಲ್ಲಿ ಬಿಚ್ಚಿ ನೋಡಬಲ್ಲ ಕೈ ಹುಡುಕಲು ನಾನು ಮೂರು ತಾಲ್ಲೂಕು ಸುತ್ತಬೇಕಾಯಿತು.

ಹಳೇ ಸಾಮಾನಿನ ಪ್ರೇಮಿಗಳೂ ಇದರಲ್ಲಿ ಪಾಲುದಾರರೇ. ಮೂಲ ಕಂಪನಿಯ ಮೂಲ ಟ್ರಾನ್ಸಿಸ್ಟರೇ ಬೇಕೆಂದು ಹಟ ಹಿಡಿದು ಸಿಕ್ಕ ದಾಸ್ತಾನನ್ನೆಲ್ಲ ಕೊಂಡು ಬೀರುವಿನಲ್ಲಿಡುತ್ತಾರೆ. ಬೆಲೆ ಏರುತ್ತದೆ. ಬೆಲೆ ಏರಿದ ನಂಬರಿಗೇ ನಕಲಿ ಹೆಚ್ಚು ಹುಟ್ಟುತ್ತದೆ. ಪೆಟ್ಟಿಗೆ ಹಾಡಬೇಕೋ ಷೋಕೇಸಿನಲ್ಲಿ ಕೂರಬೇಕೋ ಎಂದು ಮೊದಲು ತೀರ್ಮಾನಿಸಲಿ.

“ಇಷ್ಟೆಲ್ಲ ಯಾಕೆ, ಹೊಸ ಡಿಜಿಟಲ್ ಆಂಪ್ಲಿಫೈಯರ್ ತಗೊಳ್ಳಿ, ಹಗುರ, ಕರೆಂಟೂ ಉಳಿತಾಯ” ಎಂದು ತಮ್ಮ ಹೇಳುತ್ತಾನೆ. ಅವನ ಮಾತು ಸುಳ್ಳಲ್ಲ. ಹೊಸ ಪೆಟ್ಟಿಗೆ ಕರೆಂಟನ್ನು ಬಿಸಿಯಾಗಿ ಹಾಳುಮಾಡುವುದು ಬಹಳ ಕಡಿಮೆ. ಆದರೆ ಅದರ ಚಿಪ್ ಸುಟ್ಟ ದಿನ ಮೆಕ್ಯಾನಿಕ್ ಬಹುಪಾಲು ಹೇಳುವುದು “ಬೋರ್ಡೇ ಬದಲಾಯಿಸಿ” ಎಂದು, ಬೋರ್ಡ್ ಸಿಗದಿದ್ದರೆ ಗುಜರಿ. ಹೊಸದು ಕೊಳ್ಳುವುದು ದೊಡ್ಡಪ್ಪನ ಇಷ್ಟವಾಗಿರಲಿ, ಗತಿಯಿಲ್ಲದೆ ಆಗದಿರಲಿ.

ಕೊನೆಗೆ ನನ್ನ ತಪ್ಪು. ನಾನು ಪಿಎಚ್‌.ಡಿ. ಮಾಡುತ್ತಿರುವುದು ಕೋಲಾರ ಸೀಮೆಯ ಪೌರಾಣಿಕ ನಾಟಕಗಳ ಮೇಲೆ. ಹಾರ್ಮೋನಿಯಂ ಮೇಷ್ಟ್ರುಗಳ ಬಗ್ಗೆ ಒಂದು ಅಧ್ಯಾಯ, ವೇಷಭೂಷಣದ ಬಗ್ಗೆ ಒಂದು, ಪಾತ್ರಧಾರಿಗಳ ಬಗ್ಗೆ ಎರಡು ಬರೆದಿದ್ದೆ. ಮೈಕ್ ಸೆಟ್ಟಿನವನ ಬಗ್ಗೆ, ಅದನ್ನು ರಿಪೇರಿ ಮಾಡುವವನ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದೂ ಮೈಕ್ ಸೆಟ್ಟಿನ ಮನೆಯಲ್ಲಿ ಬೆಳೆದು! ಪದ್ಯ ವಿದ್ಯೆ, ಬೆಸುಗೆ ಕೂಲಿ ಎಂದು ನಮ್ಮ ವಿಶ್ವವಿದ್ಯಾಲಯಗಳು ಕಲಿಸಿದ್ದನ್ನು ನಾನೂ ನಂಬಿದ್ದೆ. ಐಟಿಐಗಳಲ್ಲಿ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಎಂಬ ಟ್ರೇಡ್ ಇದೆ. ಶ್ರೀನಿವಾಸಪುರದ ಈ ಅಣ್ಣನಂಥವರನ್ನು ವಾರಕ್ಕೆ ಎರಡು ದಿನ ಗೌರವಧನ ಕೊಟ್ಟು ಅಲ್ಲಿಗೆ ಕರೆಸಿದರೆ ಯಾರ ಗಂಟು ಹೋಗುತ್ತದೆ? ಅವರಿಗೆ ಡಿಗ್ರಿ ಇಲ್ಲವೆಂದು ಬೇಡವೆನ್ನುವುದೂ ನಂಬರ್ ನೋಡಿ ಮದುವೆ ಮಾಡುವುದೇ.

ಅವರು ದೊಡ್ಡಪ್ಪನ ಆಂಪ್ಲಿಫೈಯರನ್ನು ಹತ್ತು ದಿನ ಇಟ್ಟುಕೊಂಡರು. ನನ್ನಿಂದಲೇ ಬಿಲ್ ಇರುವ ಮಾಲು ತರಿಸಿ, ಒಂದೊಂದನ್ನೂ ಅಳೆದು, ಗುಣ ಹೊಂದುವ ನಾಲ್ಕನ್ನು ಆರಿಸಿದರು. ಅಭ್ರಕದ ಬಿಲ್ಲೆ ಬದಲಿಸಿ ಬಿಳಿ ಪೇಸ್ಟ್ ಸವರಿದರು. ನೇರವಾಗಿ ಕರೆಂಟ್ ಕೊಡದೆ ನೂರು ವ್ಯಾಟಿನ ಬಲ್ಬನ್ನು ಸೀರೀಸಿನಲ್ಲಿ ಹಾಕಿ ಸ್ವಿಚ್ ಒತ್ತಿದರು. ಬಲ್ಬ್ ಪೂರ್ತಿ ಉರಿದರೆ ಒಳಗೆ ಶಾರ್ಟ್, ಮಿಂಚಿ ಮಂಕಾದರೆ ಕ್ಷೇಮ. ದೊಡ್ಡಪ್ಪ ಉಸಿರು ಹಿಡಿದು ನೋಡುತ್ತಿದ್ದರು. ಬಲ್ಬ್ ಮಿಂಚಿತು, ಮಂಕಾಯಿತು.

“ಈ ಕೆಲ್ಸ ಯಾರ್ಗಾದ್ರೂ ಕಲಿಸಿದ್ದೀರಾ ಅಣ್ಣ?” ಎಂದು ಕೇಳಿದೆ.

“ಯಾರ್ ಬತ್ತಾರಮ್ಮ?” ಎಂದರು.

ಪ್ರಬಂಧಕ್ಕೆ ಒಂದು ಅಧ್ಯಾಯ ಸೇರಿಸುತ್ತಿದ್ದೇನೆ. ಅದಕ್ಕಿಂತ ಬೇಗ ಆಗಬಹುದಾದ ಕೆಲಸ ನಿಮ್ಮ ಮನೆಯಲ್ಲಿದೆ. ಅಟ್ಟದ ಮೇಲೆ ಹಳೆಯ ರೇಡಿಯೊ, ಆಂಪ್ಲಿಫೈಯರಿನ ಜೊತೆ ಬಂದ ಸರ್ಕ್ಯೂಟ್ ಕಾಗದ ಇದ್ದರೆ ಗುಜರಿಗೆ ಹಾಕಬೇಡಿ. ಜೆರಾಕ್ಸ್ ಮಾಡಿಸಿ ನಿಮ್ಮೂರಿನ ರಿಪೇರಿ ಅಂಗಡಿಗೆ ಕೊಟ್ಟು ಬನ್ನಿ. ಅಂಗಡಿ ಇನ್ನೂ ಇದ್ದರೆ.